ರೂಟರಿನ ಬೆನ್ನಿಗೆ ನನ್ನ ಚೀಟಿ

ಮಾರ್ಚ್ ೧೪, ಗುರುವಾರ

ಮನೆಗೆ ಇಂಟರ್ನೆಟ್ ಬರಲು ಇವತ್ತು ಖರ್ಚಾದದ್ದು: ಇಡೀ ಮಧ್ಯಾಹ್ನ, ಕಂಪನಿಗೆ ಏಳು ಫೋನ್, ಜೊತೆಗೆ ನನ್ನ ಮರ್ಯಾದೆ. ನಾಳೆ ಬೆಳಿಗ್ಗೆ ಮಗಳ ಕೆಲಸದ ಸಂದರ್ಶನ ಇದರಲ್ಲೇ ನಡೆಯಬೇಕು. ಇಂಟರ್ನೆಟ್ ಕಂಪನಿಯ ಸಾಫ್ಟ್‌ವೇರ್ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗಲೇ ಇಲ್ಲ. "ಅದಿಲ್ದೆ ಆಗಲ್ಲ ಸರ್" ಎಂದು ಫೋನಿನವಳು ಏಳು ಸಲವೂ ಅದೇ ರಾಗ ಎಳೆದಳು. ನಾನು ಗಂಟಲು ಹರಿಯುವಂತೆ ಕೂಗಾಡಿದೆ.

"ಅಪ್ಪಾ, ಸಾಫ್ಟ್‌ವೇರೇ ಬೇಡ. ಬ್ರೌಸರಲ್ಲಿ ರೂಟರಿನ ಪುಟ ತೆರ್ಕೊಂಡಿದೆ, ಪಾಸ್‌ವರ್ಡ್ ಒಂದು ಬೇಕು. ಅಡೀಲಿ ಬರೆದಿರ್ತಾರೆ ನೋಡು," ಎಂದಳು ಮಗಳು.

ರೂಟರನ್ನು ಮಗುಚಿದರೆ, ಪಾಸ್‌ವರ್ಡಿನ ಮೇಲೇ ನಾನು ಅಂಟಿಸಿದ ಖರೀದಿ ತಾರೀಖಿನ ಚೀಟಿ! ಕೊಂಡದ್ದಕ್ಕೆಲ್ಲ ಚೀಟಿ ಅಂಟಿಸುವ, ಬಕೆಟ್ಟನ್ನೂ ಬಿಡದ ಹಾಳು ಅಭ್ಯಾಸ.

"ನನ್ನ ಬೆನ್ನಿಗೂ ಒಂದು ಅಂಟಿಸ್ಬಿಡಿ," ಎಂದಳು ಹೆಂಡತಿ.

ಒದ್ದೆ ಬಟ್ಟೆಯಿಂದ ನೆನೆಸಿ ಕೆರೆದೆ. ಅಕ್ಷರಗಳು ಪುಣ್ಯಕ್ಕೆ ಉಳಿದಿದ್ದವು.

ಮಗಳಿಗೆ ಇಂಟರ್ನೆಟ್ ಸಿಕ್ಕಿತು. ಹೆಂಡತಿಗೆ ವರ್ಷಕ್ಕಾಗುವಷ್ಟು ಮಾತು ಸಿಕ್ಕಿತು. ಫೋನಿನವಳಿಗೆ ಬೈಗುಳ. ನನಗೆ ಉಗುರಿನ ತುಂಬ ಅಂಟು.