ಅನುಮಾನವಿದ್ದರೂ ಒತ್ತಿ

ಮಾರ್ಚ್ 3, ಸೋಮವಾರ

ಇದನ್ನು ಇಲ್ಲೂ ಬರೆಯದೆ ಬಿಡುವವಳಿದ್ದೆ: ಹೋದ ವರ್ಷ ನನಗೆ ಬರಬೇಕಾದ ಕಥೆ ಬರಲಿಲ್ಲ.

ಉಳಿದವರಿಗೆಲ್ಲ ಬಂತು. ನನಗೆ ಬರೆಯಬೇಕಾದವಳು ಹೊಸಬಳು. ಜೋಡಿ ಹಾಕಿದ್ದು ನಾನೇ, ಹಾಗಾಗಿ ಗೊತ್ತಿತ್ತು. ಒಂದು ಸಲ "ಬರೀತಾ ಇದ್ದೀನಿ ಮೇಡಂ" ಎಂದು ಮೆಸೇಜ್. ಆಮೇಲೆ ಅವಳ ಅಕೌಂಟೇ ಮಾಯ. ಗುಂಪಿನ ಸಂಚಾಲಕಿ, ನಾವೆಲ್ಲ ಕೊಂಬು ಎಂದು ಕರೆಯುವ ಅಕ್ಕ, ಕೇಳಿದಾಗ "ತಡವಾಗಿ ಬರುತ್ತಂತೆ" ಅಂದೆ. ಮತ್ತೆ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬೇಜಾರಿಗಿಂತ ನಾಚಿಕೆ ಹೆಚ್ಚು. ಎಲ್ಲರ ಎದುರು ಕೈಚಾಚಿ ನಿಂತು ಬರಿಗೈಲಿ ಹಿಂತಿರುಗಿದ ಹಾಗೆ. ನಲವತ್ತಾರನೇ ವಯಸ್ಸಿನಲ್ಲಿ, ಒಂದು ಪುಕ್ಕಟೆ ಕಥೆಗೋಸ್ಕರ!

ಇವತ್ತು ನೆನಪಾಗಲು ಕಾರಣ, ಈ ವರ್ಷದ ಆಹ್ವಾನ ಬರೆಯಲು ಕೂತದ್ದು. ಪ್ರತಿ ವರ್ಷ ನನ್ನದೇ ಕೆಲಸ. ಮೊದಲ ಪ್ಯಾರಾ ಸಲೀಸು:

"ಅರ್ಧಕ್ಕೆ ನಿಂತ ಆ ಧಾರಾವಾಹಿ ನೆನಪಿದೆಯೇ? ಬೀಗ ರಿಪೇರಿ ಅಂಗಡಿ ನಡೆಸುವ ಅಕ್ಕ ತಂಗಿ? ಗಿರಾಕಿಯ ಮನೆಗೆಂದು ಹೋದ ಅಕ್ಕ ವಾಪಸು ಬರುವ ಮುಂಚೆಯೇ ಚಾನೆಲ್ ಮುಚ್ಚಿತು. ಮುಂದಿನದನ್ನು ನಾವೇ ಬರೆಯುತ್ತಿದ್ದೇವೆ. ಸೇರಿದವರೆಲ್ಲ ತಮಗೆಂಥ ಕಥೆ ಬೇಕೆಂದು ಹೇಳುತ್ತಾರೆ. ಒಬ್ಬೊಬ್ಬರೂ ಇನ್ನೊಬ್ಬರಿಗಾಗಿ ಗುಟ್ಟಾಗಿ ಒಂದನ್ನು ಬರೆಯುತ್ತಾರೆ. ಎಲ್ಲ ಕಥೆಗಳೂ ಒಂದೇ ದಿನ ಹೊರಬರುತ್ತವೆ. ಯಾರದ್ದು ಯಾವುದು ಎನ್ನುವುದು ಒಂದು ವಾರದ ಮೇಲೆ."

ಎರಡನೇ ಪ್ಯಾರಾ: "ಹೊಸಬರಿಗೆ ಸ್ವಾಗತ." ಅಲ್ಲಿಗೆ ಬೆರಳು ನಿಂತಿತು. ಯಾವ ಸ್ವಾಗತ ಇದು? ಕಾಲೊರಸಿನ ಮೇಲೆ ಬರೆದಿರುತ್ತದಲ್ಲ, ಅದಾ?

ಮಾರ್ಚ್ 5, ಬುಧವಾರ

ಸಂಚಾಲಕರ ಫೋನ್ ಮೀಟಿಂಗ್. ಮೂವರೇ ನಾವು. ಕೊಂಬು ಕೋರ್ಟಿನಲ್ಲಿ ಬೆರಳಚ್ಚು ಮಾಡಿ ನಿವೃತ್ತರಾದವರು. ಯಾರ ಬರಹದಲ್ಲಿ ಒಂದು ಕೊಂಬು ಬಿಟ್ಟುಹೋದರೂ ಹಿಡಿಯುತ್ತಾರೆ, ಅದಕ್ಕೇ ಆ ಹೆಸರು. ಹೂಂ ವೆಬ್‌ಸೈಟ್ ನೋಡಿಕೊಳ್ಳುವವರು. ಆ ಒಂದಕ್ಷರ ಬಿಟ್ಟು ಅವರ ಬಾಯಿಂದ ಇನ್ನೊಂದು ಮಾತು ಕೇಳಿದವರಿಲ್ಲ.

ಕೊಂಬು ಸುತ್ತಿ ಬಳಸಲಿಲ್ಲ. "ಈ ಸಲ ಹೊಸಬರು ಸೇರಬೇಕಂದ್ರೆ ಮೊದ್ಲು ಒಂದು ಕಥೆ ಬರೆದು ಕಳಿಸ್ಲಿ. ನಾನು ನೋಡಿ ಪಾಸ್ ಮಾಡ್ತೀನಿ."

"ಪಾಸ್ ಅಂದ್ರೆ?"

"ಪಾಸ್ ಅಂದ್ರೆ ಪಾಸು. ಹೋದ ವರ್ಷ ಹೊಸಬರಲ್ಲಿ ಅರ್ಧ ಜನ ಕೈಕೊಟ್ರು. ಅವ್ರ ಪಾಲಿಂದು ಕೊನೇ ಗಳಿಗೇಲಿ ಕೂತು ಬರೆದೋರ್ಯಾರು? ಬೆನ್ನು ಹಿಡ್ಕೊಂಡಿದ್ರೂ ನಾನೇ ತಾನೆ?"

"ಹಳಬರೂ ಕೈಕೊಟ್ಟಿದ್ದಾರಲ್ಲ ಅಕ್ಕ."

"ಹಳಬರಾದ್ರೆ ಫೋನ್ ಮಾಡಿ ಬಯ್ಯಬಹುದು. ಇವ್ರನ್ನ ಎಲ್ಲಿಗೆ ಹುಡ್ಕೊಂಡು ಹೋಗಿ ಬಯ್ಲಿ?"

"ಹೂಂ," ಅಂದರು ಹೂಂ.

"ಯಾವುದಕ್ಕೆ ಹೂಂ?" ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು. ಲೈನ್ ಕಟ್ಟಾಯಿತು. ಅವರೇ ಕಟ್ ಮಾಡಿದರೋ ಏನೋ.

ಕೊಂಬು ಹೇಳಿದ್ದರಲ್ಲಿ ಸುಳ್ಳಿಲ್ಲ. ನನ್ನ ಕಥೆ ಬಾರದ ವಿಷಯ ಹೇಳಿದ್ದರೆ ಅವರ ಕೈಗೆ ಇನ್ನೊಂದು ಸಾಕ್ಷಿ ಸಿಗುತ್ತಿತ್ತು. ಹೇಳದೆ ವಾದ ಮಾಡುವುದು ಸರಿಯಾ? ಗೊತ್ತಿಲ್ಲ. ಗೊತ್ತಿರುವುದು ಒಂದೇ. ಹಳಬರು ವರ್ಷಕ್ಕಿಷ್ಟು ಎಂದು ಉದುರುತ್ತಿದ್ದಾರೆ. ಬಾಗಿಲು ಮುಚ್ಚಿದರೆ ಇನ್ನು ಸ್ವಲ್ಪ ದಿನ ನಮಗೆ ನಾವೇ ಬರೆದುಕೊಂಡು, ನಮ್ಮನ್ನು ನಾವೇ ಹೊಗಳಿಕೊಂಡು, ಆಮೇಲೆ ದೀಪ ಆರಿಸಿ ಮಲಗುವುದು.

ಮಾರ್ಚ್ 6, ಗುರುವಾರ

ಕ್ಲಿನಿಕ್‌ಗೆ ಒಬ್ಬರು ಅಜ್ಜ. ಕಿವಿ ಪರೀಕ್ಷೆಗೆ ಹೆಂಡತಿ ಎಳೆದುಕೊಂಡು ಬಂದಿದ್ದರು. ಗಾಜಿನ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಬಟನ್ ಕೊಟ್ಟೆ. ಶಬ್ದ ಕೇಳಿಸಿದಾಗ ಒತ್ತಬೇಕು, ಅಷ್ಟೇ. ಒತ್ತುತ್ತಲೇ ಇಲ್ಲ. ಮುಖ ನೋಡಿದರೆ ಕೇಳಿಸುತ್ತಿದೆ — ಹುಬ್ಬು ಏರುತ್ತಿದೆ.

ಬಾಗಿಲು ತೆಗೆದು ಕೇಳಿದೆ. "ಕೇಳಿಸ್ತಾ ಇಲ್ವಾ ಅಜ್ಜ?"

"ಕೇಳಿಸಿದ ಹಾಗಾಯ್ತು. ಖಾತ್ರಿ ಇರ್ಲಿಲ್ಲ. ತಪ್ಪಾಗಿ ಒತ್ತಿಬಿಟ್ರೆ?"

"ಇಲ್ಲಿ ಪಾಸು ಫೇಲು ಇಲ್ಲ ಅಜ್ಜ. ಅನುಮಾನ ಇದ್ರೂ ಒತ್ತಿ. ತಪ್ಪಾದ್ರೆ ನಾನು ನೋಡ್ಕೋತೀನಿ, ಅದು ನನ್ನ ಕೆಲಸ."

ಹೊರಗಿನಿಂದ ಅಜ್ಜಿ: "ಮನೇಲಿ ನಾನು ಗಂಟಲು ಹರ್ಕೊಂಡ್ರೂ ಹೂಂ ಅನ್ನಲ್ಲ. ಇಲ್ಲಿ ಮೇಡಂ ಮುಂದೆ ಮರ್ಯಾದೆ ಬಂದುಬಿಟ್ಟಿದೆ!"

"ಅದು ಕೇಳಿಸ್ತು," ಅಂದರು ಅಜ್ಜ, ಬಟನ್ ಒತ್ತಿ.

ಈ ಮಾತನ್ನು ದಿನಾ ಹೇಳುತ್ತೇನೆ. ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ. ಮನೆಗೆ ಬಂದು ನಮ್ಮ ನಿಯಮಗಳ ಪುಟ ತೆರೆದು ನೋಡಿದೆ. ಇಂಥ ಒಂದು ಮಾತು ಅಲ್ಲಿ ಇದೆಯಾ ಅಂತ. ಇಲ್ಲ.

ಮಾರ್ಚ್ 9, ಭಾನುವಾರ

ಮಗಳು ಬಟ್ಟೆ ಮಡಚುತ್ತಾ ನನ್ನ ಸ್ಕ್ರೀನ್ ಇಣುಕಿದಳು. ನಿಯಮದ ಪುಟವನ್ನು ನ್ಯಾಯಾಧೀಶರ ದನಿಯಲ್ಲಿ ಓದತೊಡಗಿದಳು. "'ಸದರಿ ಕಥೆಯನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ವರ್ಷಗಳಲ್ಲಿ ಪರಿಗಣಿಸಲಾಗುವುದಿಲ್ಲ.' ಅಮ್ಮ, ಇದು ಕಥೆ ಬರೆಯೋ ಆಟಾನಾ, ಜಾಮೀನಿನ ಷರತ್ತಾ?"

"ಕೊಂಬು ಬರೆದಿದ್ದು."

"ಗೊತ್ತಾಗುತ್ತೆ ಬಿಡು. ನಾನು ಹೊಸಬಳಾಗಿದ್ದು, ನಡುವೆ ಜ್ವರ ಗಿರ ಬಂದು ಬರೆಯೋಕಾಗ್ಲಿಲ್ಲ ಅಂದ್ಕೋ. ಇದನ್ನ ಓದಿದ್ಮೇಲೆ ಬಂದು ಹೇಳ್ತಿದ್ನಾ? ಅಕೌಂಟ್ ಡಿಲೀಟ್ ಮಾಡಿ ಓಡಿಹೋಗ್ತಿದ್ದೆ."

ಅವಳಿಗೆ ನನ್ನ ಕಥೆ ಬಾರದ ಸಂಗತಿ ಗೊತ್ತಿಲ್ಲ. ಸುಮ್ಮನೆ ಹೇಳಿದ್ದು. ನಾನು ಅವಳ ರಾಶಿಯಿಂದ ಒಂದು ಟವೆಲ್ ತೆಗೆದು ಮಡಚಿದೆ, ಅದೊಂದನ್ನೇ, ಮೂರು ಸಲ.

ಮಾರ್ಚ್ 17, ಸೋಮವಾರ

ಹೋದ ವರ್ಷದ ಫಾರ್ಮ್ ಮುಚ್ಚುವುದೇ ಮರೆತುಹೋಗಿತ್ತು. ಅದರೊಳಗೆ ಯಾರೋ ಹೆಸರು ಕೊಟ್ಟಿದ್ದಾರೆ. ಅಡ್ಡಹೆಸರು "ಮೂರನೇ ಸೀಟು". ಯಾರು, ಎಲ್ಲಿಯವರು, ಗೊತ್ತಿಲ್ಲ. ಒಂದು ಸಾಲಿನ ಟಿಪ್ಪಣಿ: "ನಂಗೆ ಬರೆಯೋಕೆ ಬರಲ್ಲ, ಓದೋದು ಮಾತ್ರ. ಆದ್ರೂ ಸೇರಬಹುದಾ?"

"ನಿಮಗೆ ಎಂಥ ಕಥೆ ಬೇಕು?" ಎಂಬ ಡಬ್ಬಿ ಇದೆ. ಎರಡು ಸಾಲು ಬರೆಯಲು. ಅಲ್ಲಿ ಬರೆದಿದ್ದಾರೆ: ತಂಗಿ ಅಂಗಡಿ ಮುಚ್ಚದೆ ಕಾಯುವ ಕಥೆ ಬೇಕು. ಯಾಕೆ ಮುಚ್ಚುವುದಿಲ್ಲ ಅಂದರೆ ಬೀಗದ ಕೈ ಅಕ್ಕನ ಹತ್ತಿರ ಇದೆ. ಹೊಸ ಬೀಗ ಹಾಕಬಹುದು, ಅಂಗಡಿ ತುಂಬ ಬೀಗಗಳೇ. ಆದರೆ ಹಾಕಿದರೆ ಅಕ್ಕ ಬಂದಾಗ ಅವಳ ಕೈ ಹತ್ತುವುದಿಲ್ಲವಲ್ಲ... ಆಮೇಲೆ ಒಬ್ಬ ಗಿರಾಕಿ ಬರುತ್ತಾನೆ. ಅವನು ಏನನ್ನುತ್ತಾನೆ, ಇವಳು ಏನನ್ನುತ್ತಾಳೆ. ಹೀಗೇ ಹೋಗಿದೆ. ಪುಟಗಟ್ಟಲೆ. ಕೊನೆಯಲ್ಲಿ: "ಇಂಥದ್ದೊಂದು ಯಾರಾದ್ರೂ ಬರೆದುಕೊಟ್ರೆ ಓದಬೇಕು ಅಂತ ಆಸೆ."

ನಕ್ಕೆ. ಆಮೇಲೆ ನಗು ನಿಂತಿತು. ಕಥೆ ಬೇಕು ಎಂದು ಕೇಳಲು ಹೋಗಿ ಕಥೆಯನ್ನೇ ಬರೆದಿಟ್ಟಿದ್ದಾರೆ. ತಮಗೆ ಬರುವುದಿಲ್ಲ ಎಂದುಕೊಂಡೇ.

ಕೊಂಬುವಿಗೆ ಕಳಿಸಿದೆ. ಉತ್ತರ: "ಎರಡು ಸಾಲು ಅಂದ್ರೆ ಇಷ್ಟುದ್ದ. ನಿಯಮ ಓದಿಲ್ಲ. ಹನ್ನೆರಡು ಕಡೆ ಕಾಗುಣಿತ ತಪ್ಪು. ತಿರಸ್ಕರಿಸಿ."

ಪೂರ್ತಿ ಓದದೆ ಹನ್ನೆರಡು ತಪ್ಪು ಸಿಗುವುದಿಲ್ಲ. ಓದಿದ್ದಾರೆ.

ಮಾರ್ಚ್ 19, ಬುಧವಾರ

ಫೋನ್ ಮಾಡಿದೆ. ಊಟದ ವಿರಾಮದಲ್ಲಿ, ಗಾಜಿನ ಕೋಣೆಯೊಳಗೇ ಕೂತು. ಹೊರಗಿನವರಿಗೆ ಕೇಳಿಸುವುದಿಲ್ಲ, ಎಷ್ಟು ಬೇಕಾದರೂ ಕೂಗಾಡಬಹುದು.

"ಅಕ್ಕ, ಸ್ಯಾಂಪಲ್ ಕಥೆ ಬೇಡ. ಪರೀಕ್ಷೆ ಬೇಡ. ನಾನು ಒಪ್ಪಲ್ಲ."

"ಒಪ್ಪಬೇಡ. ಕೈಕೊಟ್ಟಾಗ ನೀನೇ ಬರಿ."

"ಬರೀತೀನಿ. ನನ್ನ ಮೊದಲ ಕಥೆ ನೆನಪಿದ್ಯಾ? ಶಾಲೇಲಿ ಕನ್ನಡ ಅಂದ್ರೆ ವಾರಕ್ಕೆರಡು ಪೀರಿಯಡ್. ಮೂವತ್ತು ದಾಟೋವರೆಗೂ ಕನ್ನಡದಲ್ಲಿ ಒಂದು ಪುಟ ಬರೆದೋಳಲ್ಲ ನಾನು. ನೀವು ಪುಟ ಪೂರ್ತಿ ಕೆಂಪು ಮಾಡಿ ಕಳಿಸಿದ್ರಿ. ಕೊನೇಲಿ ಏನು ಬರೆದಿದ್ರಿ?"

ನಾನೇ ಹೇಳಿದೆ.

"'ಮುಂದೇನಾಯ್ತು?' ಅಂತ ಬರೆದಿದ್ರಿ. ಅದಕ್ಕೇ ನಾನು ಉಳಿದಿದ್ದು. ಆವತ್ತು ಈ ಪಾಸು ಫೇಲು ಇದ್ದಿದ್ರೆ ನಾನು ಇವತ್ತು ಇಲ್ಲಿ ಇರ್ತಿರ್ಲಿಲ್ಲ."

"ನೀನು ಬೇರೆ. ನೀನು ಒಂದ್ಸಲಾನೂ ಕೈಕೊಡ್ಲಿಲ್ಲ."

ಆಗ ಹೇಳಿಬಿಟ್ಟೆ. ಹೋದ ವರ್ಷ ನನಗೆ ಬರಲಿಲ್ಲ ಎಂದು.

"ನೋಡಿದ್ಯಾ!" ಗೆದ್ದ ದನಿ. ಮರುಕ್ಷಣ ಅದು ಇಳಿಯಿತು. "ನಿಂಗೇ? ಒಂದು ವರ್ಷ ಹೊಟ್ಟೇಲಿಟ್ಕೊಂಡು ಕೂತಿದ್ಯಾ? ನಂಗೊಂದು ಮಾತು ಹೇಳಿದ್ರೆ ನಾನು ಬರೆದುಕೊಡ್ತಿರ್ಲಿಲ್ವಾ ತಾಯಿ?... ಅದಕ್ಕೇ ಕಣಮ್ಮ ನಾನು ಹೇಳ್ತಿರೋದು."

"ಅದಕ್ಕೇ ಅಕ್ಕ ನಾನೂ ಹೇಳ್ತಿರೋದು. ಏಟು ಬಿದ್ದಿದ್ದು ನನಗೆ. ಬಾಗಿಲು ಹಾಕೋದು ಬಿಡೋದು ನಾನು ಹೇಳ್ತೀನಿ."

"ಹಾಗಾದ್ರೆ ನೀನೇ ನಡೆಸ್ಕೋ. ನಾನು ಈ ತಲೆನೋವು ಬಿಟ್ಟೆ."

ಸಂಜೆಗೆ ಸಂಚಾಲಕರ ಗುಂಪಿನಿಂದ ಅವರ ಹೆಸರು ಹೋಗಿತ್ತು.

ಮಾರ್ಚ್ 20, ಗುರುವಾರ

ಗೆದ್ದೆನಾ? ಗೆದ್ದ ಹಾಗೆ ಅನಿಸುವುದಿಲ್ಲ. ಒಬ್ಬರು ಅಪರಿಚಿತರನ್ನು ಒಳಗೆ ಬಿಡಲು, ನನಗೆ ಅಕ್ಷರ ತಿದ್ದಿಸಿದವರನ್ನು ಹೊರಗೆ ಕಳಿಸಿದೆ. ಇದು ದೊಡ್ಡ ಮನಸ್ಸೋ ಬರೀ ಹಟವೋ? ಹಟವೇ ಇರಲಿ. ಮಾತು ಹಿಂತೆಗೆದುಕೊಳ್ಳುವುದಿಲ್ಲ.

ಮೂರನೇ ಸೀಟಿಗೆ ಬರೆದೆ: "ಸೇರಬಹುದು. ನಿಮಗೆ ಬರೆಯಲು ಬರುತ್ತದೆ. ಫಾರ್ಮಿನಲ್ಲಿ ಬರೆದದ್ದನ್ನು ನೀವೇ ಇನ್ನೊಂದು ಸಲ ಓದಿ ನೋಡಿ."

ಮಾರ್ಚ್ 30, ಭಾನುವಾರ

ಹತ್ತು ದಿನ. ಕೊಂಬುವಿನಿಂದ ಏನೂ ಇಲ್ಲ. ಮೂರನೇ ಸೀಟಿನಿಂದಲೂ ಇಲ್ಲ.

ಮಗಳು: "ಇಬ್ಬರ ಹತ್ರಾನೂ ಬ್ಲೂ ಟಿಕ್ ಪ್ರೇಮಾನಾ ಅಮ್ಮ ನಿಂದು?"

ನಿಯಮದ ಪುಟ ಹೊಸದಾಗಿ ಬರೆದೆ. ಒಂದೂ 'ತಕ್ಕದ್ದು' ಇಲ್ಲ. ಓದಿದರೆ ನಾನು ಕ್ಲಿನಿಕ್‌ನಲ್ಲಿ ಮಾತಾಡುವ ಹಾಗೇ ಇದೆ. ಹೂಂ ಅವರಿಗೆ ಕಳಿಸಿದೆ. ಉತ್ತರವಾಗಿ ಒಂದು ಇಡೀ ವಾಕ್ಯ ಬಂತು: "ಹೊಸ ಫಾರ್ಮ್ ಪರೀಕ್ಷೆಗೆ ತೆರೆದಿಟ್ಟಿದ್ದೇನೆ, ಲಿಂಕ್ ಹಳಬರಿಗೂ ಮೂರನೇ ಸೀಟಿಗೂ ಹೋಗಿದೆ, ಸ್ಯಾಂಪಲ್ ಕಲಂ ತೆಗೆದುಹಾಕಿದ್ದೇನೆ." ಎರಡು ಸಲ ಓದಿದೆ. ಹೂಂ ಯಾವುದಕ್ಕೆ ಎಂದು ಈಗ ಗೊತ್ತಾಯಿತು.

ಏಪ್ರಿಲ್ 2, ಬುಧವಾರ

ಹೊಸ ಫಾರ್ಮಿನಲ್ಲಿ ಎರಡು ಹೆಸರು.

ಒಂದು, ಮೂರನೇ ಸೀಟು. ಬೇಡಿಕೆಯ ಡಬ್ಬಿಯಲ್ಲಿ ಸರಿಯಾಗಿ ಎರಡೇ ಸಾಲು. ಟಿಪ್ಪಣಿಯಲ್ಲಿ: "ಓದಿ ನೋಡಿದೆ. ಅನುಮಾನ ಇನ್ನೂ ಇದೆ. ಆದ್ರೂ ಒತ್ತುತ್ತಿದ್ದೀನಿ."

ಇನ್ನೊಂದು, ಕೊಂಬು. ಸಂಚಾಲಕಿಯಾಗಿ ಅಲ್ಲ, ಎಲ್ಲರ ಹಾಗೆ, ಎಲ್ಲರ ಸಾಲಿನಲ್ಲಿ. ಎಂಥ ಕಥೆ ಬೇಕು? "ತಂಗಿ ಹೊಸ ಬೀಗ ಹಾಕದೆ ಕಾಯುವ ಆ ಕಥೆಯ ಮುಂದಿನ ಭಾಗ. ಬರೆಯುವವರು ಹೊಸಬರಾದರೂ ಅಡ್ಡಿಯಿಲ್ಲ. ಮುಂದೇನಾಯ್ತು?"

ಕ್ಲಿನಿಕ್‌ನಲ್ಲಿ, ಇಬ್ಬರು ರೋಗಿಗಳ ನಡುವೆ, ಮೊಬೈಲ್ ಹಿಡಿದು ನಿಂತೇ ಇದ್ದೆ. ರಿಸೆಪ್ಷನ್ ಹುಡುಗಿ ಕೇಳಿದಳು, "ಮೇಡಂ, ಮನೇಲಿ ಎಲ್ಲಾ ಕ್ಷೇಮಾನಾ?"

"ಕ್ಷೇಮ. ನನ್ನ ಜಗಳಗಂಟಿ ಅಕ್ಕ ವಾಪಸ್ ಬಂದ್ಳು."

ಜೋಡಿ ಹಾಕುವುದು ಇನ್ನೂ ನನ್ನ ಕೈಯಲ್ಲೇ ಇದೆ. ಯಾರಿಗೆ ಯಾರು ಎಂದು ಇಲ್ಲಿ ಕೂಡ ಬರೆಯುವುದಿಲ್ಲ.

ಏಪ್ರಿಲ್ 4, ಶುಕ್ರವಾರ

ಆಹ್ವಾನದ ಎರಡನೇ ಪ್ಯಾರಾ, ಕೊನೆಗೂ:

"ಹೊಸಬರೇ, ನಿಜ ಹೇಳುತ್ತೇನೆ. ನೀವು ಬರೆಯುತ್ತೀರಿ, ನಿಮಗೊಂದು ಕಥೆ ಬಾರದೆಯೂ ಇರಬಹುದು. ಹೋದ ವರ್ಷ ನನಗೆ ಬರಲಿಲ್ಲ. ನೊಂದುಕೊಂಡೆ. ಆದರೂ ಕರೆಯುತ್ತಿದ್ದೇನೆ. ನನಗೆ ನಲವತ್ತಾರು ವರ್ಷ. ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಬಿಡುವಿನಲ್ಲಿ ಇಲ್ಲದ ಅಂಗಡಿಯ ಇಲ್ಲದ ಅಕ್ಕತಂಗಿಯರ ಕಥೆ ಬರೆಯುತ್ತೇನೆ. ಇದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ, ನೀವೂ ಕೇಳಬೇಡಿ. ಕಾಗುಣಿತ ತಪ್ಪಿದರೆ ತಿದ್ದುವವರು ಇದ್ದಾರೆ. ಬಯ್ಯುತ್ತಾರೆ, ಆದರೆ ಪೂರ್ತಿ ಓದಿಯೇ ಬಯ್ಯುತ್ತಾರೆ. ಬರೆಯಲಾಗದೆ ಹೋದರೆ ಒಂದು ಮಾತು ಹೇಳಿ. ನಿಮ್ಮ ಪಾಲಿನದನ್ನು ನಾನು ಬರೆಯುತ್ತೇನೆ. ಮುಂದಿನ ವರ್ಷ ಮತ್ತೆ ಬನ್ನಿ. ಬರೆಯಲು ಬರುತ್ತದೋ ಇಲ್ಲವೋ ಎಂದು ಅನುಮಾನವಿದ್ದರೂ ಒತ್ತಿ.

ಹೋದ ವರ್ಷ ಮಾಯವಾದವರೇ, ನೀವೂ."

ಕೊನೆಯ ಸಾಲು ತೆಗೆಯಬೇಕೆಂದು ಮಗಳು ಹೇಳಿದಳು. ಅವಳ ದನಿಯಲ್ಲಿ ಅಷ್ಟು ಒತ್ತಾಯವಿರಲಿಲ್ಲ. ತೆಗೆದೆ. ಮತ್ತೆ ಹಾಕಿದೆ. ಇರುತ್ತದೆ.

ಇನ್ನು ತಿದ್ದಿದರೆ ಮನಸ್ಸು ಬದಲಾಗುತ್ತದೆ. ಸಾಕು. ಪೋಸ್ಟ್ ಮಾಡುವುದು ಭಾನುವಾರ, ಏಪ್ರಿಲ್ 6. ಅನುಮಾನವಿದ್ದರೂ ಒತ್ತುತ್ತೇನೆ.