ಗಿಡ್ಡಮ್ಮನ ಬಲಗಾಲು

ಬಳ್ಳಾರಿ
17–11–2024

ಪ್ರೀತಿಯ ಅಣ್ಣಾ,

ಮೀನಾಕ್ಷಿಯ ಶರಣು. ಮೊಣಕಾಲು ನೋವು ಹೇಗಿದೆ? ಕುರುಗೋಡಿನಲ್ಲೂ ಚಳಿ ಶುರುವಾಗಿರಬೇಕು, ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನಮ್ಮ ತಂಗಿ ಗಿಡ್ಡಮ್ಮನ ಮಣ್ಣಿಗೆಂದು ಸಿರುಗುಪ್ಪಕ್ಕೆ ಬಂದವನು ಅಂಗಳದಲ್ಲೇ ನಿಂತು, ನೀರೂ ಕುಡಿಯದೆ ಬಸ್ಸು ಹತ್ತಿದೆ. ತಂಗಿಯ ಮುಖವನ್ನಾದರೂ ನೋಡಬಾರದಿತ್ತೇ ಎಂದು ಜನ ಆಡಿಕೊಂಡರು.

ನಿನ್ನೆ ನನ್ನ ಮಗಳು ಅನುಷಾ ಶಾಲೆಯ ಪಾಠವೊಂದನ್ನು ಓದಿ ಹೇಳಿದಳು. ಹುಡುಗರು ಆಟಕ್ಕೆ ಬಂದ ಸಣ್ಣವನೊಬ್ಬನನ್ನು ಹಾಳು ಗೋದಾಮಿನಲ್ಲಿ ಕೂಡಿಹಾಕಿ ಹೋಗುತ್ತಾರೆ. ಸಂಜೆ ತಾಯಿ ಹುಡುಕಿ ಬಂದು ಬಾಗಿಲು ತೆಗೆದಾಗ, ನಾನೇ ಅಡಗಿದ್ದೆ ಎಂದು ಅವನು ನಗುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಅವನು ನಕ್ಕಿದ್ದೇಕೆ ಎಂಬುದು ಪ್ರಶ್ನೆ. ಕ್ಷಮಾಗುಣದಿಂದ ಎಂದು ಅನುಷಾ ಬರೆದಿದ್ದಳು. "ಅಲ್ಲವ್ವಾ, ನಾಳಿ ಆಟಕ್ಕ ಕರೀಲಿ ಅಂತ ನಕ್ಕಾನ" ಎಂದೆ. "ಕ್ಷಮಾಗುಣ ಅಂತ ಬರದ್ರ ಐದಕ್ಕ ಐದು ಕೊಡ್ತಾರ, ನೀ ಸುಮ್ಕಿರು" ಎಂದಳು. ಐದಕ್ಕೆ ಐದು ಬರುತ್ತದೆ, ಬರಲಿ.

ರೈಸ್‌ಮಿಲ್ಲಿನ ಹಿಂದಿನ ಹೊಟ್ಟಿನ ಬೂದಿ ಗುಡ್ಡೆಯನ್ನು ನೀನು ಮರೆತಿರಲಾರೆ. ಮೇಲೆ ಬರೀ ಬೂದಿ, ಒಳಗೆ ಎರಡು ದಿನವಾದರೂ ಆರದ ಕೆಂಡ. ಆಗ ನನಗೆ ಹತ್ತು, ಗಿಡ್ಡಮ್ಮನಿಗೆ ಆರು. ಆ ಗುಡ್ಡೆ ದಾಟಿದರೆ ಆಟಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಅವಳಿಗೆ ಹೇಳಿದ್ದೆವು. ನೀನು ಆಚೆ ನಿಂತು "ಬಾರೇ ಅಳಬುರಕಿ" ಎಂದು ಕರೆದೆ. ಅವಳು ಬರಿಗಾಲಲ್ಲಿ ಹೊರಟಳು. ನಾಲ್ಕನೇ ಹೆಜ್ಜೆಗೆ ಬಲಗಾಲು ಮೊಣಕಾಲಿನವರೆಗೆ ಇಳಿಯಿತು. ಅಪ್ಪ ಕೇಳಿದರೆ "ನಾನೇ ಹೋಗಿದ್ದೆ" ಎಂದಳು. ಅಪ್ಪ ನಂಬದೆ ನನ್ನನ್ನು ಕೇಳಿದ. ಅಣ್ಣ ಕರೆದ ಎಂದೆ. ಬಾರುಕೋಲಿನಿಂದ ನಿನ್ನನ್ನು ಹೊಡೆದು ಕುರುಗೋಡಿನ ಮಾವನ ಮನೆಗೆ ಅಟ್ಟಿದ. ನೀನು ಮತ್ತೆ ಬಂದು ನಮ್ಮೊಡನೆ ಇರಲೇ ಇಲ್ಲ.

ಕಾಲಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದ ಗಿಡ್ಡಮ್ಮ ನನ್ನನ್ನು ಕೇಳಿದ್ದು ಒಂದೇ ಮಾತು. "ಅಕ್ಕಾ, ನಾಳಿ ನನ್ನೂ ಕರಿತೀರಿಲ್ಲ?" ಕೇಳಿ ನಕ್ಕಳು.

ಕೊನೆಯ ಸ್ನಾನದಲ್ಲಿ ಆ ಕಾಲನ್ನು ನಾನೇ ತೊಳೆದೆ. ಅಂದು ಸುಟ್ಟು ಕೂಡಿಕೊಂಡ ಬೆರಳುಗಳು ಹಾಗೇ ಇದ್ದವು.

ಅತ್ತಿಗೆಗೆ ಶರಣು, ಮಕ್ಕಳು ನೂರು ಕಾಲ ಬಾಳಲಿ.

ನಿನ್ನ ತಂಗಿ,
ಮೀನಾಕ್ಷಿ

ತಾ.ಕ.: ಅಂಚೆ ಕಚೇರಿಯಲ್ಲೇ ನಿಂತು ಇದನ್ನು ಸೇರಿಸುತ್ತಿದ್ದೇನೆ. ಅವಳನ್ನು ಕರೆಯುವ ಮೊದಲು ನೀನು "ಬೂದಿ ಆರೈತೇನು?" ಎಂದು ನನ್ನನ್ನು ಕೇಳಿದ್ದೆ. "ಆರೈತಿ" ಎಂದೆ. ಅದಕ್ಕೂ ಮೊದಲು ನಾನು ಕಡ್ಡಿ ಚುಚ್ಚಿ ನೋಡಿದ್ದೆ ಅಣ್ಣಾ. ಹೊಗೆ ಬಂದಿತ್ತು.