ಪಕ್ಕದವಳ ಬ್ಯಾಂಕ್ ಸಾಲ

ಹದಿನಾಲ್ಕನೇ ತಾರೀಖು, ಮಂಗಳವಾರ



ರಸ್ತೆಬದಿಯಲ್ಲಿ ನನ್ನ ಪಕ್ಕದಲ್ಲೇ, ನನ್ನ ಹಾಗೇ ಚಪ್ಪಲಿ ಮಾರುವವಳು ತಳ್ಳುಗಾಡಿ ಕೊಳ್ಳಲು ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದ್ದಳು. ಜಾಗ ನೋಡಲು ಬ್ಯಾಂಕಿನವರು ಬರುತ್ತಾರೆಂದು ಆರು ದಿನ ಕೂತಲ್ಲಿಂದ ಕದಲಿರಲಿಲ್ಲ. ಇವತ್ತು ತಡೆಯಲಾರದೆ, "ಅಕ್ಕಾ, ಹತ್ತು ನಿಮಿಷ ನೋಡ್ಕೊಂಡಿರು, ಕಕ್ಕಸಿಗೆ ಹೋಗ್ಬರ್ತೀನಿ" ಎಂದು ಓಡಿದಳು. ಬ್ಯಾಂಕಿನವನು ಆಗಲೇ ಬಂದ. ಕೈಯಲ್ಲಿ ಅವಳ ಫೋಟೊ ಇತ್ತು.

"ಈಯಮ್ಮ ಇಲ್ಲೇ ವ್ಯಾಪಾರ ಮಾಡ್ತಾರಾ?"

"ನಾನಂತೂ ನೋಡಿಲ್ಲ ಸರ್."

"ಮತ್ತೆ ಈ ಚಪ್ಪಲಿ?"

"ಅದೂ ನಂದೇ."

ಏನೋ ಗೀಚಿಕೊಂಡು ಹೋದ. ಹೋದ ವರ್ಷ ನನ್ನ ಅರ್ಜಿಯನ್ನು ವಾಪಸ್ ಎಸೆದವನೂ ಇವನೇ. ನನ್ನ ಮುಖ ಅವನಿಗೆ ನೆನಪಿರಲಿಲ್ಲ. ಅವಳಿಗೆ ಗಾಡಿ ಬಂದರೆ, ನೆಲದ ಮೇಲೆ ಹರವಿದ ನನ್ನ ಚಪ್ಪಲಿಯನ್ನು ಯಾರು ಮೂಸಿ ನೋಡುತ್ತಾರೆ?

ಏದುಸಿರು ಬಿಡುತ್ತಾ ಬಂದು ಕೇಳಿದಳು, "ಯಾರಾದ್ರೂ ಬಂದಿದ್ರಾ?"

"ಒಂದು ನರಪಿಳ್ಳೆನೂ ಇಲ್ಲ."

ನಂಬಿದಳು. ಅಷ್ಟು ಸಲೀಸಾಗಿ ನಂಬಿದ್ದಕ್ಕೇ ಅವಳ ಮೇಲೆ ಸಿಟ್ಟು ಬಂತು. ಈಗಲೂ ಇಳಿದಿಲ್ಲ.

"ನಾಳೆಯಿಂದ ನೀರೇ ಕುಡಿಯಲ್ಲಕ್ಕ. ಎದ್ದು ಹೋಗೋ ಪ್ರಮೇಯನೇ ಇರಲ್ಲ" ಎಂದಳು.

ಹಾಗೇ ಮಾಡು ಎಂದೆ.